ತೆಂಗಿನಕಾಯಿ, ಫುಟ್‌ಬಾಲ್ ಮತ್ತು ಭದ್ರೆಯ ನೀರು: ನಡುನಾಡಿನಲ್ಲೊಂದು ಚುನಾವಣಾ ವಾರ

ಮೇ 6, 2023, ಶನಿವಾರ: ಚಿತ್ರದುರ್ಗ

ವಿಧಾನಸಭೆಯ ಮತದಾನ ಬುಧವಾರವೆನ್ನುವಾಗ ನಾನು ಧಾರವಾಡದಿಂದ ದುರ್ಗಕ್ಕೆ ಬಂದದ್ದು ಯಾರು ಗೆಲ್ಲುತ್ತಾರೆಂದು ಲೆಕ್ಕ ಹಾಕುವುದಕ್ಕಲ್ಲ. ತಮಿಳುನಾಡು, ಆಂಧ್ರ, ತೆಲಂಗಾಣಗಳಲ್ಲಿ ನಾಡಿನದೇ ಪಕ್ಷಗಳು ಆಳುತ್ತಿರುವಾಗ ಕರ್ನಾಟಕದಲ್ಲಿ ಅಂಥ ಪಕ್ಷ ಹುಟ್ಟಿ ಹುಟ್ಟಿ ಏಕೆ ಕರಗುತ್ತದೆ ಎಂಬ ಪ್ರಶ್ನೆಗೆ, ಕನ್ನಡಿಗರು ಸಹನಶೀಲರು, ಅಭಿಮಾನ ಕಡಿಮೆ ಎಂಬ ಉತ್ತರವನ್ನು ಕೇಳಿ ಕೇಳಿ ಬೇಸತ್ತಿದ್ದೆ. ಹಳೆಯ ಮೈಸೂರು ಸೀಮೆ, ಮುಂಬಯಿ ಪ್ರಾಂತ್ಯದ ಕನ್ನಡ ಭಾಗ, ಮದರಾಸಿಗೆ ಸೇರಿದ್ದ ಬಳ್ಳಾರಿ, ಈ ಮೂರೂ ಒಂದಕ್ಕೊಂದು ತಾಗುವ ಜಾಗವೆಂದರೆ ಚಿತ್ರದುರ್ಗ ಮತ್ತು ದಾವಣಗೆರೆಗಳ ಸುತ್ತಮುತ್ತ. ಪ್ರಾದೇಶಿಕತೆಯ ಗುಣ ದೋಷಗಳನ್ನು ನೋಡುವುದಿದ್ದರೆ ಇಲ್ಲಿಯೇ ನೋಡಬೇಕು ಎಂದುಕೊಂಡು ಹೊರಟಿದ್ದೆ.

ದುರ್ಗದಲ್ಲಿ ವಕೀಲಿ ಮಾಡುವ ಗೆಳೆಯರೊಬ್ಬರು ಸಂಜೆ ತಮ್ಮ ಸ್ಕೂಟರಿನಲ್ಲಿ ಸೀಬಾರಕ್ಕೆ ಕರೆದೊಯ್ದರು. ಹೆದ್ದಾರಿಯ ಬದಿಯಲ್ಲಿ ಎಸ್. ನಿಜಲಿಂಗಪ್ಪನವರ ಸ್ಮಾರಕವಿದೆ. ಇದೇ ಊರಿನಲ್ಲಿ ವಕೀಲರಾಗಿದ್ದ ನಿಜಲಿಂಗಪ್ಪನವರು 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಕನ್ನಡ ನಾಡು ಒಂದಾಗಬೇಕೆಂಬುದು ನಿಸ್ಸಂದೇಹವಾಗಿ ಒಂದು ಪ್ರಾದೇಶಿಕ ಬೇಡಿಕೆ. ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ಅದು ಬೇಕಿರಲಿಲ್ಲ. ಆ ಬೇಡಿಕೆಯನ್ನು ಮೈಸೂರು ಸೀಮೆಯ ಒಳಗಿನಿಂದಲೇ ಎತ್ತಿ ಹಿಡಿದು ಗೆದ್ದವರು ಕಾಂಗ್ರೆಸ್ಸಿನವರು, ಮುಂದೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದವರು. ಇಷ್ಟಾಗಿಯೂ 1962ರಲ್ಲಿ ಇದೇ ಜಿಲ್ಲೆಯ ಹೊಸದುರ್ಗದಲ್ಲಿ ಅವರು ಸೋತರು, ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬರಬೇಕಾಯಿತು. ನಾಡನ್ನು ಕೂಡಿಸಿದವರನ್ನು ಸ್ವಂತ ಜಿಲ್ಲೆ ಸೋಲಿಸಿತು, ಹಿಂದೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರು ಗೆಲ್ಲಿಸಿತು.

ಗೆಳೆಯರು ಇದಕ್ಕೆ ನಗುತ್ತಾ, "ನಮ್ಮ ಜಿಲ್ಲೆಯವರು ಪಕ್ಷಕ್ಕಿಂತ ಆಳನ್ನ ನೋಡ್ತಾರೆ ಸರ್. 2008 ನೆನಪು ಮಾಡ್ಕೊಳ್ಳಿ" ಎಂದರು. ಆ ವರ್ಷ ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾದಾಗ ಕೈಹಿಡಿದ ಪಕ್ಷೇತರರಲ್ಲಿ ಇಬ್ಬರು ಈ ಜಿಲ್ಲೆಯವರೇ ಆಗಿದ್ದರು: ಹಿರಿಯೂರಿನ ಡಿ. ಸುಧಾಕರ್ ಮತ್ತು ಹೊಸದುರ್ಗದ ಗೂಳಿಹಟ್ಟಿ ಶೇಖರ್. ಇಬ್ಬರೂ ಮಂತ್ರಿಗಳಾದರು. ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದು ಸರ್ಕಾರದ ಒಳಗೆ ಕೂರಬಹುದಾದರೆ, ಜಿಲ್ಲೆಗಾಗಿ ಒಂದು ಪಕ್ಷವನ್ನೇ ಕಟ್ಟುವ ಶ್ರಮವನ್ನು ಯಾರು ಪಡುತ್ತಾರೆ ಎಂಬುದು ಅವರ ವಾದ. ಅದನ್ನು ನಾನು ಆ ರಾತ್ರಿ ತಳ್ಳಿಹಾಕಿದ್ದೆ. ವಾರ ಕಳೆದಂತೆ ಅದರಲ್ಲಿ ಹುರುಳಿದೆ ಎನ್ನಿಸತೊಡಗಿತು.

ಮೇ 7, ಭಾನುವಾರ: ಚಳ್ಳಕೆರೆ, ಮೊಳಕಾಲ್ಮುರು

ಎಣ್ಣೆ ಗಿರಣಿಗಳ ಚಳ್ಳಕೆರೆಯನ್ನು ದಾಟಿದ ಮೇಲೆ ಬಿಸಿಲು ಬೇರೆಯದೇ ಆಗುತ್ತದೆ. ಕುರುಚಲು ಗುಡ್ಡ, ಶೇಂಗಾ ಹೊಲ, ಮಳೆಗೆ ಕಾದ ಕೆಂಪು ನೆಲ. ಮೊಳಕಾಲ್ಮುರು ಪೇಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆಯೊಂದರ ಜಗುಲಿಯಲ್ಲಿ ಕೂತು ಮಾತಿಗಿಳಿದಾಗ, ಯಜಮಾನರು ನನ್ನೊಡನೆ ಕನ್ನಡದಲ್ಲಿಯೂ ಒಳಗೆ ಮಗ್ಗದ ಹತ್ತಿರ ಇದ್ದವರೊಡನೆ ತೆಲುಗಿನಲ್ಲಿಯೂ ಮಾತಾಡುತ್ತಿದ್ದರು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಆ ರಾಯದುರ್ಗ ಇಲ್ಲಿಗೆ ನೆರೆಯ ಪೇಟೆ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಜನ ಎರಡೂ ಕಡೆ ಓಡಾಡುತ್ತಾರೆ. ಆದರೆ ಗಡಿಯ ಆಚೆ ತೆಲುಗುದೇಶಂನ ಸೈಕಲ್ಲು ಬಿಟ್ಟರೆ ವೈಎಸ್‌ಆರ್ ಕಾಂಗ್ರೆಸ್ಸಿನ ಫ್ಯಾನು, ಫ್ಯಾನು ಬಿಟ್ಟರೆ ಸೈಕಲ್ಲು. ಎರಡೂ ಆ ರಾಜ್ಯದ ಪಕ್ಷಗಳೇ. ಈಚೆ ಕೈ ಮತ್ತು ಕಮಲ.

ಈ ಭೇದದ ಬೇರನ್ನು 1982ರಲ್ಲಿ ಹುಡುಕಬೇಕು. ಹೈಕಮಾಂಡ್ ಮುಖ್ಯಮಂತ್ರಿಗಳನ್ನು ಪದೇ ಪದೇ ಬದಲಿಸಿದ್ದರಿಂದ ತೆಲುಗರ ಆತ್ಮಗೌರವಕ್ಕೆ ಧಕ್ಕೆಯಾಯಿತೆಂದು ಹೇಳುತ್ತಾ ಎನ್.ಟಿ. ರಾಮರಾವ್ ಆ ಮಾರ್ಚಿನಲ್ಲಿ ಪಕ್ಷ ಕಟ್ಟಿ, 1983ರ ಜನವರಿಯಲ್ಲಿ ಅಧಿಕಾರಕ್ಕೆ ಬಂದರು. 1982ರಲ್ಲಿಯೇ ಇಲ್ಲಿ ಗೋಕಾಕ್ ಚಳವಳಿ ನಡೆಯಿತು. ರಾಜ್‌ಕುಮಾರ್ ಊರೂರು ಸುತ್ತಿದರು, ಜನಸಾಗರ ಸೇರಿತು, ಗುಂಡೂರಾವ್ ಸರ್ಕಾರ ಅಲುಗಾಡಿತು. ಆದರೆ ರಾಜ್‌ಕುಮಾರ್ ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಕಾಂಗ್ರೆಸ್ಸಿನ ಮೇಲಿನ ಸಿಟ್ಟೆಲ್ಲ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಬುಟ್ಟಿಗೆ ಬಿದ್ದು, ಅದೇ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಒಂದೇ ತಿಂಗಳು, ಅಕ್ಕಪಕ್ಕದ ಎರಡು ರಾಜ್ಯಗಳಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಅಸಮಾಧಾನ ಎರಡು ದಾರಿ ಹಿಡಿಯಿತು. ಕರ್ನಾಟಕದಲ್ಲಿ ಕನ್ನಡದ ಸಿಟ್ಟಿಗೆ ಮನೆ ಕೊಟ್ಟದ್ದು ದೆಹಲಿಯಲ್ಲಿಯೂ ಕಚೇರಿಯಿದ್ದ ಪಕ್ಷ.

ಹಾಗೆಂದು ಮೊಳಕಾಲ್ಮುರಿಗೆ ಹೊಸ ಪಕ್ಷದ ರುಚಿ ಗೊತ್ತಿಲ್ಲದೇ ಇಲ್ಲ. ಬಿಜೆಪಿಯಿಂದ ಹೊರಬಂದ ಬಿ. ಶ್ರೀರಾಮುಲು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದಾಗ, 2013ರಲ್ಲಿ ಅದಕ್ಕೆ ರಾಜ್ಯದಲ್ಲಿ ಬಂದ ನಾಲ್ಕು ಸ್ಥಾನಗಳಲ್ಲಿ ಒಂದು ಇಲ್ಲಿಯದು, ಎಸ್. ತಿಪ್ಪೇಸ್ವಾಮಿ ಗೆದ್ದಿದ್ದರು. ಮರುವರ್ಷ ಲೋಕಸಭಾ ಚುನಾವಣೆಯ ಹೊತ್ತಿಗೆ ಶ್ರೀರಾಮುಲು ಬಿಜೆಪಿಗೆ ಮರಳಿದರು. 2018ರಲ್ಲಿ ಅವರೇ ಇಲ್ಲಿಗೆ ಬಂದು ಕಮಲದ ಗುರುತಿನಿಂದ ಗೆದ್ದರು. ಈ ಸಲ ಅವರು ಬಳ್ಳಾರಿ ಗ್ರಾಮಾಂತರಕ್ಕೆ ಹೋಗಿದ್ದಾರೆ. ಕೂಡ್ಲಿಗಿಯ ಬಿಜೆಪಿ ಶಾಸಕರಾಗಿದ್ದ ಎನ್.ವೈ. ಗೋಪಾಲಕೃಷ್ಣ ಕಾಂಗ್ರೆಸ್ ಸೇರಿ ತಮ್ಮ ಹಳೆಯ ಕ್ಷೇತ್ರವಾದ ಇಲ್ಲಿಗೆ ಮರಳಿದ್ದಾರೆ. ಇದನ್ನೆಲ್ಲ ಬೆರಳು ಮಡಚಿ ಎಣಿಸಿದ ನೇಕಾರರು, "ಪಕ್ಷ ಬದಲಾಯ್ತದೆ ಸ್ವಾಮಿ, ನಿಲ್ಲೋರು ಅವರವರೇ. ನೀರು ಬರೋ ಪಕ್ಷ ಯಾವುದಾದ್ರೂ ಇದ್ರೆ ಹೇಳ್ರಿ" ಎಂದರು.

ನೀರು ಎಂದರೆ ಭದ್ರಾ ಮೇಲ್ದಂಡೆ. ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತುಂಬಿಸಿ, ಅಲ್ಲಿಂದ 29.9 ಟಿಎಂಸಿ ಅಡಿಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳಿಗೆ ಹರಿಸಿ, ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ಯೋಜನೆಯದು. ಈ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಗಿದೆ. ಬಿಜೆಪಿಯವರು ಆ ಅಂಕಿಯನ್ನು ಭಾಷಣಗಳಲ್ಲಿ ಹೇಳುತ್ತಿದ್ದಾರೆ, ಕಾಂಗ್ರೆಸ್ಸಿನವರು ಹಣವೆಲ್ಲಿ ಎಂದು ಕೇಳುತ್ತಿದ್ದಾರೆ. ಒಂದು ಪ್ರಾದೇಶಿಕ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು. ಅದನ್ನು ಎರಡು ರಾಷ್ಟ್ರೀಯ ಪಕ್ಷಗಳೇ ಹಂಚಿಕೊಂಡಿವೆ.

ಮೇ 8, ಸೋಮವಾರ: ಆನಗೋಡು, ದಾವಣಗೆರೆ

ದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಆನಗೋಡಿನ ಹತ್ತಿರ ಹುತಾತ್ಮ ರೈತರ ಸಮಾಧಿಯಿದೆ. 1992ರ ಸೆಪ್ಟೆಂಬರಿನಲ್ಲಿ ರೈತ ಚಳವಳಿಯ ಕಾಲಕ್ಕೆ ದಾವಣಗೆರೆಯಲ್ಲಿ ನಡೆದ ಗೋಲಿಬಾರಿನಲ್ಲಿ ಮಡಿದವರು ಅವರು. 1980ರ ನರಗುಂದ, ನವಲಗುಂದಗಳ ಬಂಡಾಯದಿಂದ ಬಿಸಿಯೇರಿದ ರೈತ ಸಂಘದ ಹಸಿರು ಶಾಲು ಈ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಹಾರಾಡಿತ್ತು. ನನ್ನ ಲೆಕ್ಕದಲ್ಲಿ ಈ ನಾಡಿನ ನೆಲದಿಂದಲೇ ಎದ್ದ, ಯಾವ ನಾಯಕನ ಟಿಕೆಟ್ಟಿನ ಮುನಿಸಿನಿಂದಲೂ ಹುಟ್ಟದ ನಿಜವಾದ ಪ್ರಾದೇಶಿಕ ಶಕ್ತಿ ಎಂದರೆ ಅದೊಂದೇ. ಆದರೆ ಧರಣಿಗೆ ಬಂದ ರೈತ ಮತಗಟ್ಟೆಗೆ ಹೋಗುವಾಗ ಶಾಲನ್ನು ಮನೆಯಲ್ಲಿಯೇ ಬಿಟ್ಟು ಜಾತಿ, ಮಠ, ಊರ ಗೌಡ ಎಂದು ನೋಡಿದ. ದುರ್ಗ, ಸಿರಿಗೆರೆ, ಹರಿಹರಗಳ ಸುತ್ತ ಎಷ್ಟೊಂದು ಸಮುದಾಯಗಳ ಗುರುಪೀಠಗಳಿವೆ ಎಂಬುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಬೇರೆ ರಾಜ್ಯದಲ್ಲಿ ಭಾಷೆಯ ಹೆಸರಿನಲ್ಲಿ ಒಂದಾಗುವ ಜನ ಇಲ್ಲಿ ಪೀಠದ ಹೆಸರಿನಲ್ಲಿ ಮೊದಲು ಒಂದಾಗುತ್ತಾರೆ, ಮತ್ತು ಪೀಠಗಳು ಯಾವ ಪಕ್ಷವನ್ನೂ ಪೂರ್ತಿ ದೂರ ಮಾಡಿಕೊಳ್ಳುವುದಿಲ್ಲ.

ಬಹಿರಂಗ ಪ್ರಚಾರ ಆ ಸಂಜೆಗೆ ಮುಗಿಯುವುದಿತ್ತು. ದಾವಣಗೆರೆಯ ಬೀದಿಗಳಲ್ಲಿ ತೆರೆದ ವಾಹನಗಳು, ತಮಟೆ, ಹೂವಿನ ಮಳೆ, ಅವುಗಳ ನಡುವೆ ಸಿಕ್ಕಿಬಿದ್ದ ಸಿಟಿ ಬಸ್ಸುಗಳು. ರಾಜ್ಯದ ನಟ್ಟನಡುವೆ ಇರುವುದರಿಂದ ಈ ಊರು ಎಲ್ಲ ಪಕ್ಷಗಳಿಗೂ ಸಭೆಯ ಮೈದಾನ. ಸಿದ್ದರಾಮಯ್ಯನವರ 75ನೆಯ ಹುಟ್ಟುಹಬ್ಬದ ಸಮಾವೇಶ ಕಳೆದ ಆಗಸ್ಟಿನಲ್ಲಿ ಇಲ್ಲಿಯೇ ನಡೆಯಿತು. ಮಾರ್ಚಿನಲ್ಲಿ ಮೊದಲು ಅರವಿಂದ ಕೇಜ್ರಿವಾಲ್, ಆಮೇಲೆ ಪ್ರಧಾನಿ ಮೋದಿ ಬಂದು ಹೋದರು. ರಾಜಧಾನಿಯನ್ನೇ ಇಲ್ಲಿಗೆ ತರಬೇಕಿತ್ತು ಎಂಬ ಮಾತನ್ನು ಈ ಊರಿನ ಹಿರಿಯರು ಇಂದಿಗೂ ಬಿಟ್ಟಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಇಲ್ಲಿ ಕೆಂಬಾವುಟಕ್ಕೂ ಜಾಗವಿತ್ತು. ಸಿಪಿಐನ ಪಂಪಾಪತಿಯವರು 1978, 1983, 1985ರಲ್ಲಿ ಸತತವಾಗಿ ಗೆದ್ದಿದ್ದರು. ಗಿರಣಿಗಳು ಹೋದವು, ಆ ಮತಗಳೂ ಚದುರಿದವು.

ರಾತ್ರಿ ಬೆಣ್ಣೆ ದೋಸೆಯ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಅಡಿಕೆ ವ್ಯಾಪಾರಿ ಚನ್ನಗಿರಿಯ ಕಡೆಯವರು. 2013ರಲ್ಲಿ ತಾವು ತೆಂಗಿನಕಾಯಿಗೆ ಓಟು ಹಾಕಿದ್ದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತೆಂಗಿನಕಾಯಿ ಯಡಿಯೂರಪ್ಪನವರ ಕೆಜೆಪಿಯ ಗುರುತು. 2012ರ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ದೊಡ್ಡ ಸಮಾವೇಶ ಮಾಡಿ ಅವರು ಕರ್ನಾಟಕ ಜನತಾ ಪಕ್ಷದ ನೇತೃತ್ವ ವಹಿಸಿಕೊಂಡಾಗ ಈ ಭಾಗದಲ್ಲಿ ಎಂಥ ಸಂಚಲನವಿತ್ತೆಂದರೆ, ಹೊನ್ನಾಳಿಯ ರೇಣುಕಾಚಾರ್ಯರಂಥವರೂ ಅವರ ಹಿಂದೆ ಹೋದರು. ಫಲಿತಾಂಶದಲ್ಲಿ ರಾಜ್ಯದಾದ್ಯಂತ ಪಕ್ಷಕ್ಕೆ ಹತ್ತರ ಹತ್ತಿರ ಶೇಕಡಾ ಮತ, ಆರು ಸ್ಥಾನ. ಆಗ ಎಂಟು ಕ್ಷೇತ್ರಗಳಿದ್ದ ದಾವಣಗೆರೆ ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಏಳು, ಹರಿಹರ ಜೆಡಿಎಸ್ಸಿಗೆ. ಕಮಲಕ್ಕೂ ತೆಂಗಿನಕಾಯಿಗೂ ಸೊನ್ನೆ. ಒಂದು ವರ್ಷ ತುಂಬುತ್ತಿದ್ದಂತೆ ಯಡಿಯೂರಪ್ಪನವರು ಬಿಜೆಪಿಗೆ ಮರಳಿದರು.

"ನಾವು ಪಕ್ಷಕ್ಕೆ ಹಾಕಿದ್ದಲ್ರೀ, ಅವ್ರಿಗೆ ಹಾಕಿದ್ದು. ಅವ್ರು ವಾಪಸ್ ಹೋದ್ರು, ನಾವೂ ಹೋದ್ವಿ" ಎಂದರು ವ್ಯಾಪಾರಿ, ಎರಡನೆಯ ದೋಸೆಗೆ ಹೇಳುತ್ತಾ. ಈ ಮಾತಿನಲ್ಲಿ ಕರ್ನಾಟಕದ ಹೊಸ ಪಕ್ಷಗಳ ಚರಿತ್ರೆಯ ಬಹುಪಾಲು ಅಡಗಿದೆ. ದೇವರಾಜ ಅರಸರ ಕ್ರಾಂತಿರಂಗ, ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಮತ್ತು ಕರ್ನಾಟಕ ವಿಕಾಸ ಪಕ್ಷ, ಹೆಗಡೆಯವರ ಲೋಕಶಕ್ತಿ, ವಿಜಯ ಸಂಕೇಶ್ವರರ ಕನ್ನಡ ನಾಡು, ಇವೆಲ್ಲವೂ ದೊಡ್ಡ ಮನೆಯಲ್ಲಿ ಮುನಿಸಿಕೊಂಡು ಹೊರಬಂದವರು ಕಟ್ಟಿಕೊಂಡ ಬಿಡಾರಗಳು. ಬಂಗಾರಪ್ಪನವರಿಗೆ 1994ರಲ್ಲಿ ಹತ್ತು ಸ್ಥಾನ ಬಂದದ್ದೇ ಇವುಗಳಲ್ಲಿ ದೊಡ್ಡ ಸಾಧನೆಗಳ ಸಾಲಿಗೆ ಸೇರುತ್ತದೆ. ಹೆಸರಿನಲ್ಲಿ ಕರ್ನಾಟಕವೆಂದೋ ಕನ್ನಡವೆಂದೋ ಇದ್ದ ಮಾತ್ರಕ್ಕೆ ಇವನ್ನು ಪ್ರಾದೇಶಿಕ ಪಕ್ಷಗಳೆಂದು ಕರೆಯಲು ನನಗೆ ಮನಸ್ಸಿಲ್ಲ.

ಮೇ 9, ಮಂಗಳವಾರ: ಹರಿಹರ

ಹರಿಹರದಲ್ಲಿ ಅರ್ಧ ದಿನ ಮಾತ್ರ ಕಳೆದೆ. ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿ ನೋಡಿಕೊಂಡು ತುಂಗಭದ್ರೆಯ ಸೇತುವೆಯ ಮೇಲೆ ನಿಂತರೆ, ಆಚೆ ದಡ ಹಾವೇರಿ ಜಿಲ್ಲೆ. 1956ರ ತನಕ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ. ಮೈಸೂರಿನ ಗಡಿ ಊರಾಗಿದ್ದ ಹರಿಹರ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬೆಳೆದು, ಅದು ಮುಚ್ಚಿದ ಮೇಲೆ ಬಡವಾಯಿತು. ಇಲ್ಲಿ ಜೆಡಿಎಸ್ಸಿಗೆ ಇನ್ನೂ ಉಸಿರಿದೆ. ತೆನೆ ಹೊತ್ತ ಮಹಿಳೆಯ ಬಾವುಟಗಳು ಈ ಪಯಣದಲ್ಲಿ ನನಗೆ ಎದ್ದು ಕಂಡದ್ದು ಇದೊಂದೇ ಊರಿನಲ್ಲಿ. ರಾಜ್ಯದಲ್ಲಿ ಬಾಳಿಕೆ ಬಂದ ಒಂದೇ ಪ್ರಾದೇಶಿಕ ಪಕ್ಷವಾದ ಅದು ಕಾವೇರಿ ಸೀಮೆಯ ಆಚೆ ಹೀಗೆ ಅಲ್ಲೊಂದು ಇಲ್ಲೊಂದು ಊರಿನಲ್ಲಿ, ಅಭ್ಯರ್ಥಿಯ ಬಲದಿಂದ ಬದುಕುತ್ತದೆ. ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರಿನಲ್ಲಿ 2018ರಲ್ಲಿ ಕೆಪಿಜೆಪಿ ಎಂಬ ಹೊಸ ಪಕ್ಷದಿಂದ ಆರ್. ಶಂಕರ್ ಗೆದ್ದು, ಮಂತ್ರಿಯಾಗಿ, ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿ, ಕೊನೆಗೆ ಅನರ್ಹರಾದ ಕತೆ ಎಲ್ಲರಿಗೂ ಗೊತ್ತಿದೆ. ನಟ ಉಪೇಂದ್ರ ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟ ಪಕ್ಷವದು.

ಮೇ 10, ಬುಧವಾರ: ಹರಪನಹಳ್ಳಿ

ಮತದಾನದ ದಿನವನ್ನು ಹರಪನಹಳ್ಳಿಗೆಂದೇ ಕಾಯ್ದಿರಿಸಿದ್ದೆ. ಬೆಳಿಗ್ಗೆ ಏಳಕ್ಕೇ ಶಾಲೆಗಳ ಮುಂದೆ ಸಾಲು. ನೆರಳಿರುವಾಗಲೇ ಮುಗಿಸಿಕೊಳ್ಳಬೇಕೆಂಬ ಆತುರ. ಎಂಬತ್ತು ದಾಟಿದವರಿಗೆ ಮನೆಯಲ್ಲಿಯೇ ಮತ ಹಾಕುವ ಅವಕಾಶ ಈ ಸಲ ಇದ್ದರೂ, ಮೊಮ್ಮಗನ ಬೈಕಿನಲ್ಲಿ ಕೂತು ಬಂದ ಅಜ್ಜಿಯೊಬ್ಬರು, "ಮನ್ಯಾಗ ಹಾಕಿದ್ರ ಜಾತ್ರಿ ಕಂಡಂಗ ಆಗಲ್ಲಪ್ಪ" ಎಂದು ಹೇಳಿ ಒಳಗೆ ನಡೆದರು.

ಪ್ರಾದೇಶಿಕತೆ ಎಂಬುದು ಈ ನಾಡಿನಲ್ಲಿ ಎಷ್ಟು ಸಣ್ಣ ತುಂಡುಗಳಾಗಿ ಒಡೆಯುತ್ತದೆ ಎಂಬುದಕ್ಕೆ ಹರಪನಹಳ್ಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿಗಳಿಂದ ತಾಲ್ಲೂಕುಗಳನ್ನು ತೆಗೆದು ದಾವಣಗೆರೆ ಜಿಲ್ಲೆಯನ್ನು ಕಟ್ಟಲಾಯಿತು. ಹರಪನಹಳ್ಳಿ ಅದಕ್ಕೆ ಸೇರಿತು. ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲಕ್ಕೂ ದಾವಣಗೆರೆಯೇ ಹತ್ತಿರವಾದ್ದರಿಂದ ಅದು ಸಹಜವಾಗಿಯೇ ಇತ್ತು. ಆದರೆ 2012ರ ಸಂವಿಧಾನ ತಿದ್ದುಪಡಿಯಿಂದ 371 ಜೆ ವಿಧಿ ಬಂದು, ಹೈದರಾಬಾದ್ ಕರ್ನಾಟಕ ಮತ್ತು ಬಳ್ಳಾರಿ ಜಿಲ್ಲೆಯವರಿಗೆ ನೌಕರಿಯಲ್ಲಿ, ವೃತ್ತಿ ಶಿಕ್ಷಣದಲ್ಲಿ ಮೀಸಲಾತಿ ದೊರೆತಾಗ, ಹಿಂದೆ ಬಳ್ಳಾರಿಯಲ್ಲಿದ್ದು ಈಗ ದಾವಣಗೆರೆಯಲ್ಲಿರುವ ಹರಪನಹಳ್ಳಿಯ ಹುಡುಗರಿಗೆ ಅದು ತಪ್ಪಿಹೋಯಿತು. ಪಕ್ಕದ ಹಡಗಲಿಯವನಿಗೆ ಮೆಡಿಕಲ್ ಸೀಟು ಸಿಗುವಾಗ ತನಗೇಕಿಲ್ಲ ಎಂದು ಯಾರು ತಾನೇ ಕೇಳುವುದಿಲ್ಲ? ಹೋರಾಟ ನಡೆಯಿತು, 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಲೋಕಸಭೆಗೆ ಮಾತ್ರ ಇವರು ಇನ್ನೂ ದಾವಣಗೆರೆಯ ಮತದಾರರು. ಏಕೀಕರಣದ ಮುಖ್ಯಮಂತ್ರಿ ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಇದೇ ತಾಲ್ಲೂಕಿನಲ್ಲಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು.

ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಯುವಕನಿಗೆ ಈ ಚರಿತ್ರೆಯೆಲ್ಲ ಕಂಠಪಾಠ. 371 ಜೆ ಪ್ರಮಾಣಪತ್ರದ ಅರ್ಜಿಗಳನ್ನು ದಿನವೂ ತುಂಬಿಕೊಡುವವನು ಅವನು. ಪ್ರಾದೇಶಿಕ ಪಕ್ಷ ಬೇಕೇ ಎಂದು ಕೇಳಿದ್ದಕ್ಕೆ, "ಯಾವ ಪ್ರದೇಶದ್ದು ಸರ್? ಬೆಂಗಳೂರಿನೋರು ಕಟ್ಟಿದ್ರೆ ನಮ್ಗೇನು ಬಂತು, ಕಲಬುರಗಿಯೋರು ಕಟ್ಟಿದ್ರೆ ನಮ್ಮನ್ನ ಕೊನೇ ಸಾಲಲ್ಲಿ ಕೂರಿಸ್ತಾರೆ" ಎಂದ. ಅವನ ಮತ ಎಂ.ಪಿ. ಪ್ರಕಾಶರ ಮಗಳು, ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತಿದ್ದ ಲತಾ ಮಲ್ಲಿಕಾರ್ಜುನ ಅವರಿಗೆ ಎಂಬುದು ಮಾತಿನ ಧಾಟಿಯಿಂದಲೇ ತಿಳಿಯುವಂತಿತ್ತು. ಅಂಗಡಿಯಲ್ಲಿದ್ದ ಇನ್ನೊಬ್ಬರು ಗಂಗಾವತಿಯ ಸುದ್ದಿ ತೆಗೆದರು. ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಫುಟ್‌ಬಾಲ್ ಅಲ್ಲಿ ಗೋಲು ಹೊಡೆಯುವುದೋ ಇಲ್ಲವೋ ಎಂದು ಪಂದ್ಯ ಕಟ್ಟುವವರಿದ್ದಾರಂತೆ. ಕಳೆದ ಡಿಸೆಂಬರಿನಲ್ಲಿ ಹುಟ್ಟಿದ ಪಕ್ಷ. ಬಳ್ಳಾರಿ ನಗರದಲ್ಲಿ ರೆಡ್ಡಿಯವರ ಪತ್ನಿ ರೆಡ್ಡಿಯವರದೇ ಅಣ್ಣನ ವಿರುದ್ಧ ನಿಂತಿದ್ದರು.

ಮೇ 11, ಗುರುವಾರ: ಕಾರಿಗನೂರು

ಪಟೇಲರ ಊರಾದ ಕಾರಿಗನೂರಿಗೆ ಹೋಗುವ ದಾರಿಯ ಉದ್ದಕ್ಕೂ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ನಾಲ್ಕು ದಿನದ ಹಿಂದೆ ನೋಡಿದ ಮೊಳಕಾಲ್ಮುರಿನ ಕಣ್ಣಿಗೆ ಇದು ಬೇರೆ ದೇಶ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಅವರದು ಸಂಯುಕ್ತ ಸೋಷಲಿಸ್ಟ್ ಪಕ್ಷ, ಲೋಹಿಯಾ ಅವರ ಪಕ್ಷ. ಕನ್ನಡವನ್ನು ಸಂಸತ್ತಿನ ಒಳಗೆ ಕರೆದೊಯ್ದವರು ಕನ್ನಡದ ಹೆಸರಿನ ಪಕ್ಷದವರಲ್ಲ ಎಂಬುದು ಸೀಬಾರದಿಂದ ನನ್ನ ತಲೆಯಲ್ಲಿ ಸುತ್ತುತ್ತಿದ್ದ ಯೋಚನೆಗೆ ಇನ್ನೊಂದು ಆಧಾರವಾಯಿತು.

ನಾಲೆಯ ಕೊನೆಯ ಭಾಗದ ರೈತರೊಬ್ಬರು ಬಸ್ಸಿನಲ್ಲಿ ಜೊತೆಯಾದರು. ಬೇಸಿಗೆ ಬೆಳೆಗೆ ನೀರು ತಲುಪುವುದೇ ಕಷ್ಟ, ಮೇಲಿನವರು ಪಂಪ್‌ಸೆಟ್ ಹಾಕಿ ಎಳೆಯುತ್ತಾರೆ ಎಂದರು. ಭದ್ರಾ ಮೇಲ್ದಂಡೆಯ ಮಾತು ತೆಗೆದೆ. "ದುರ್ಗದೋರಿಗೆ ಕೊಡಬ್ಯಾಡ ಅನ್ನಲ್ಲರೀ. ತುಂಗೆ ನೀರು ಎತ್ತಿ ತುಂಬಿಸಿ ಆಮೇಲೆ ತಗೊಂಡು ಹೋಗ್ಲಿ. ನಮ್ಮ ಅಣೆಕಟ್ಟಿಂದ ಮೊದ್ಲು ತಗೊಂಡ್ರೆ ನಾವೇನ್ ಮಾಡೋಣ?" ಹೀಗೆ 1997ರ ತನಕ ಒಂದೇ ಜಿಲ್ಲೆಯಲ್ಲಿದ್ದ ದಾವಣಗೆರೆ ಮತ್ತು ಚಿತ್ರದುರ್ಗಗಳಿಗೆ ಒಂದೇ ಹೊಳೆಯ ಬಗ್ಗೆ ಎರಡು ಹಕ್ಕೊತ್ತಾಯಗಳಿವೆ. ಕಾವೇರಿಯಲ್ಲಿ ಎದುರಾಳಿ ತಮಿಳುನಾಡು ಆದ್ದರಿಂದ ಅಲ್ಲಿ ಒಂದು ಸೀಮೆಯ ಪಕ್ಷಕ್ಕೆ ಆಸ್ಪದವಿದೆ. ಭದ್ರೆಯಲ್ಲಿ ಎದುರಾಳಿ ಪಕ್ಕದ ತಾಲ್ಲೂಕು. ಇಬ್ಬರಿಗೂ ಮಾತು ಕೊಡಬಲ್ಲದ್ದು ಎರಡೂ ಕಡೆ ಶಾಸಕರಿರುವ ದೊಡ್ಡ ಪಕ್ಷ ಮಾತ್ರ, ಅದು ಎರಡು ಕಡೆಯೂ ಬೇರೆ ಬೇರೆ ಮಾತು ಕೊಡುತ್ತದೆ ಎಂಬುದು ಬೇರೆ ವಿಚಾರ.

ಮೇ 13, ಶನಿವಾರ: ದಾವಣಗೆರೆ

ಎಣಿಕೆಯ ದಿನ ವಸತಿಗೃಹದ ಮಾಲೀಕರು ಕೆಳಗಿನ ಹಜಾರದಲ್ಲಿ ಟೀವಿ ಹಾಕಿ, ಬಂದವರಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದ್ದರು. ಮಧ್ಯಾಹ್ನಕ್ಕೆ ಚಿತ್ರ ಸ್ಪಷ್ಟವಾಯಿತು: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಈಗ ಏಳು ಕ್ಷೇತ್ರಗಳ ದಾವಣಗೆರೆ ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಆರು. ಹರಿಹರ ಮಾತ್ರ ಬಿಜೆಪಿಗೆ. ಚಿತ್ರದುರ್ಗ ಜಿಲ್ಲೆಯ ಆರರಲ್ಲಿ ಹೊಳಲ್ಕೆರೆ ಬಿಟ್ಟು ಐದು ಕಾಂಗ್ರೆಸ್ಸಿಗೆ. ಮೊಳಕಾಲ್ಮುರಿನಲ್ಲಿ ಗೋಪಾಲಕೃಷ್ಣ ಗೆದ್ದರು. ಬಳ್ಳಾರಿ ಗ್ರಾಮಾಂತರದಲ್ಲಿ ಶ್ರೀರಾಮುಲು ಸೋತರು. ಎರಡು ದೊಡ್ಡ ಪಕ್ಷಗಳ ಹೊರಗೆ, ಜೆಡಿಎಸ್ ಬಿಟ್ಟರೆ, ಉಳಿದದ್ದು ನಾಲ್ಕೇ ಸ್ಥಾನ: ಗಂಗಾವತಿಯಲ್ಲಿ ರೆಡ್ಡಿಯವರ ಫುಟ್‌ಬಾಲ್, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ, ಗೌರಿಬಿದನೂರು ಮತ್ತು ಹರಪನಹಳ್ಳಿಗಳಲ್ಲಿ ಪಕ್ಷೇತರರು. ರೈತ ಸಂಘದ ಪರಂಪರೆಯ ದರ್ಶನ್ ಗೆದ್ದದ್ದು ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿದ್ದರಿಂದ. ಹರಪನಹಳ್ಳಿಯ ಲತಾ ಅವರು ಗೆದ್ದ ಮೇಲೆ ಕಾಂಗ್ರೆಸ್ಸಿಗೆ ಬೆಂಬಲ ಸಾರಿದರು.

ಈ ಟಿಪ್ಪಣಿಗಳನ್ನು ಒಪ್ಪ ಮಾಡುವ ಹೊತ್ತಿಗೆ ಇನ್ನಷ್ಟು ಸಂಗತಿಗಳು ನಡೆದಿವೆ. ಅದೇ ಸೆಪ್ಟೆಂಬರಿನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. 2024ರ ಮಾರ್ಚಿನಲ್ಲಿ ರೆಡ್ಡಿಯವರು ಪಕ್ಷವನ್ನು ಬಿಜೆಪಿಯಲ್ಲಿ ವಿಲೀನಗೊಳಿಸಿದರು. ಅದಕ್ಕೂ ಮೊದಲು, ಫೆಬ್ರವರಿ 7ರಂದು, ಸಿದ್ದರಾಮಯ್ಯನವರ ಸರ್ಕಾರ ದೆಹಲಿಯ ಜಂತರ್ ಮಂತರಿನಲ್ಲಿ 'ನನ್ನ ತೆರಿಗೆ ನನ್ನ ಹಕ್ಕು' ಎಂದು ಧರಣಿ ಕೂತಿತು. ತೆರಿಗೆ ಪಾಲಿನ ಜೊತೆಗೆ ಭದ್ರಾ ಮೇಲ್ದಂಡೆಯ 5,300 ಕೋಟಿಯೂ ಅಲ್ಲಿನ ದೂರುಗಳಲ್ಲಿ ಒಂದಾಗಿತ್ತು. ದ್ರಾವಿಡ ಪಕ್ಷವೊಂದು ಆಡಬಹುದಾದ ಮಾತುಗಳನ್ನು ಕಾಂಗ್ರೆಸ್ಸಿನ ಮುಖ್ಯಮಂತ್ರಿಯೊಬ್ಬರು ಕನ್ನಡದಲ್ಲಿ ಆಡುತ್ತಿದ್ದರು. ಆ ಬೇಸಿಗೆಯ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕಾಂಗ್ರೆಸ್ಸನ್ನೂ ಚಿತ್ರದುರ್ಗ ಬಿಜೆಪಿಯನ್ನೂ ಆರಿಸಿದವು.